ಕೆರೆ ತುಂಬಿದೆ, ತೂಬು ಚಿಕ್ಕದು: ಮನೆಯೊಳಗೆ ನೆಟ್ ವೇಗ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಮನೆಯ ಇಂಟರ್ನೆಟ್ ಪ್ಲಾನನ್ನು 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿದ ದಿನ ಸಂಜೆ ಡೆಸ್ಕ್‌ಟಾಪ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದೆ. 94 ಬಂತು. ಮರುದಿನ ಬೆಳಿಗ್ಗೆ ಮಾಡಿದೆ, 94. ರಾತ್ರಿ ಒಂದು ಗಂಟೆಗೆ, ಅಕ್ಕಪಕ್ಕದವರೆಲ್ಲ ಮಲಗಿದ ಮೇಲೆ ಮಾಡಿದೆ. ಆಗಲೂ 94. ಕಂಪನಿಗೆ ಫೋನ್ ಮಾಡಿದ ಮೇಲೆ ಒಬ್ಬ ಹುಡುಗ ಬಂದ. ತನ್ನ ಲ್ಯಾಪ್‌ಟಾಪನ್ನು ನೇರವಾಗಿ ಫೈಬರ್ ಬಾಕ್ಸ್‌ಗೆ ಸಿಕ್ಕಿಸಿದ. 300 ದಾಟಿತು. "ನಮ್ಮ ಕಡೆಯಿಂದ ಸರಿಯಾಗಿ ಬರ್ತಿದೆ ಸರ್, ನಿಮ್ಮ ಮನೆ ಒಳಗೇ ಏನೋ ಇದೆ ನೋಡಿ" ಎಂದ. ಅವನು ಹೇಳಿದ್ದು ನಿಜವಾಗಿತ್ತು.

ಕೆರೆ ನೀರಾವರಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆರೆ ಕೋಡಿ ಬಿದ್ದು ಹರಿಯುತ್ತಿದ್ದರೂ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ ನೀರು. ಆಮೇಲೆ ಕಾಲುವೆ ಎಲ್ಲಾದರೂ ಕಿರಿದಾಗಿದ್ದರೆ ಇನ್ನೂ ಕಡಿಮೆ. ಮನೆಯ ನೆಟ್‌ವರ್ಕ್ ಕೂಡ ಹೀಗೇ. ಫೈಬರ್ ಬಾಕ್ಸ್, ರೂಟರ್, ಗೋಡೆಯೊಳಗಿನ ಕೇಬಲ್, ಸ್ವಿಚ್ (ಒಂದು ಲ್ಯಾನ್ ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ), ವೈಫೈ, ಕೊನೆಗೆ ಕಂಪ್ಯೂಟರಿನ ಪೋರ್ಟ್ ಮತ್ತು ಡಿಸ್ಕ್. ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಇಕ್ಕಟ್ಟೋ ಅದೇ ನಮ್ಮ ವೇಗ. ಉಳಿದವು ಎಷ್ಟೇ ಅಗಲವಾಗಿದ್ದರೂ ಲಾಭವಿಲ್ಲ.

ಒಳ್ಳೆಯ ವಿಷಯ ಏನೆಂದರೆ, ಈ ಇಕ್ಕಟ್ಟು ಎಲ್ಲಿದೆ ಎಂದು ಹುಡುಕಲು ಮನೆಯೆಲ್ಲ ಬಿಚ್ಚಬೇಕಾಗಿಲ್ಲ. ಸ್ಪೀಡ್ ಟೆಸ್ಟ್ ಕೊಡುವ ಅಂಕಿಯೇ ಅರ್ಧ ಉತ್ತರ ಹೇಳುತ್ತದೆ. 94 ಎನ್ನುವುದು ಹಾಗೆ ಸುಮ್ನೆ ಬಂದ ಸಂಖ್ಯೆಯಲ್ಲ.

ಅದಕ್ಕೂ ಮೊದಲು ಒಂದು ಗೊಂದಲ ಕಳೆದುಕೊಳ್ಳೋಣ. ಪ್ಲಾನಿನಲ್ಲಿ ಹೇಳುವ ವೇಗ ಬಿಟ್‌ಗಳಲ್ಲಿ, ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ಫೈಲ್ ಇಳಿಸುವಾಗ ಪರದೆ ಮೇಲೆ ಕಾಣುವುದು ಸಾಮಾನ್ಯವಾಗಿ ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಕೈಗೆ ಸಿಗುವುದು 11 ಚಿಲ್ಲರೆ. "100 ಅಂತ ಹೇಳಿ 11 ಕೊಡ್ತಿದ್ದಾರೆ" ಎಂದು ಬೇಸರ ಮಾಡಿಕೊಂಡವರನ್ನು ನೋಡಿದ್ದೇನೆ. ಅವರಿಗೆ ಪೂರ್ತಿ ವೇಗವೇ ಬರುತ್ತಿತ್ತು.

ಈಗ 94ಕ್ಕೆ ಬರೋಣ. ಲ್ಯಾನ್ ಕೇಬಲ್‌ನಲ್ಲಿ ಮಾಹಿತಿ ಒಂದೇ ಧಾರೆಯಾಗಿ ಹರಿಯುವುದಿಲ್ಲ, ಪೊಟ್ಟಣ ಪೊಟ್ಟಣವಾಗಿ ಹೋಗುತ್ತದೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 1500 ಬೈಟ್ ಸರಕು. ಅದರ ಸುತ್ತ ವಿಳಾಸ, ತಪ್ಪು ಹಿಡಿಯುವ ಸಂಖ್ಯೆ, ಶುರುವಿನ ಗುರುತು, ಎರಡು ಪೊಟ್ಟಣಗಳ ನಡುವಿನ ಖಾಲಿ ಜಾಗ ಎಂದು ಇನ್ನೂ 38 ಬೈಟ್‌ನಷ್ಟು ಜಾಗ ಹೋಗುತ್ತದೆ. 1500ರ ಒಳಗೂ ಇನ್ನೊಂದು ಸುತ್ತು ವಿಳಾಸದ ಚೀಟಿಗಳಿಗೆ ಸುಮಾರು 52 ಬೈಟ್ ಬೇಕು. ಅಂದರೆ ತಂತಿಯ ಮೇಲೆ 1538 ಬೈಟ್ ಓಡಿದಾಗ ನಮ್ಮ ಕೈಗೆ ಸಿಗುವುದು 1448. ಮಂಡಿಯಲ್ಲಿ ಚೀಲದ ತೂಕ ಕಳೆದು ಕಾಳಿನ ತೂಕ ಬರೆದುಕೊಳ್ಳುತ್ತಾರಲ್ವಾ, ಹಾಗೆ. 1448ನ್ನು 1538ರಿಂದ ಭಾಗಿಸಿ ನೋಡಿ. ನೂರಕ್ಕೆ 94 ಬರುತ್ತದೆ.

ಆದ್ದರಿಂದ ಯಾವ ಹೊತ್ತಿನಲ್ಲಿ ಅಳೆದರೂ 93, 94, 95ರ ಹತ್ತಿರವೇ ನಿಂತಿದೆ ಎಂದರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಒಂದು ತೂಬು ಇದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಲೈನ್ ಕೆಟ್ಟಿದ್ದರೆ ಅಂಕಿ ಏರಿಳಿಯುತ್ತದೆ. ತೂಬು ಚಿಕ್ಕದಿದ್ದರೆ ಅಂಕಿ ಅಲ್ಲಾಡುವುದಿಲ್ಲ. ಇದೇ ಲೆಕ್ಕದಲ್ಲಿ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್‌ನಲ್ಲಿ ಗರಿಷ್ಠ 940ರ ಆಸುಪಾಸು ಸಿಗುತ್ತದೆ. ಅಲ್ಲಿ 940 ಬಂದರೆ ಏನೂ ತೊಂದರೆಯಿಲ್ಲ ಎಂದರ್ಥ.

100ರ ತೂಬು ಎಲ್ಲೆಲ್ಲಿ ಅಡಗಿರುತ್ತದೆ

ಫಾಸ್ಟ್ ಈಥರ್ನೆಟ್ ಎಂಬ 100 ಎಂಬಿಪಿಎಸ್‌ನ ಮಾನಕ ಬಂದದ್ದು 1995ರಲ್ಲಿ. ಮಾಮೂಲಿ ತಾಮ್ರದ ಕೇಬಲ್ ಮೇಲೆ ಗಿಗಾಬಿಟ್ ಓಡಿಸುವ ಮಾನಕ 1999ರಲ್ಲೇ ಬಂತು. ಅದಾಗಿ ಇಪ್ಪತ್ತೈದು ವರ್ಷ ಕಳೆದರೂ 100ರ ಪೋರ್ಟ್ ಸತ್ತಿಲ್ಲ. ಕಾರಣ ದುಡ್ಡು. ಕಡಿಮೆ ಬೆಲೆಯ ರೂಟರ್‌ಗಳಲ್ಲಿ, ಐದು ಪೋರ್ಟಿನ ಹಳೆಯ ಸ್ವಿಚ್‌ಗಳಲ್ಲಿ, ಬಹಳಷ್ಟು ಟಿವಿಗಳಲ್ಲಿ ಇವತ್ತಿಗೂ ಅದೇ ಇದೆ.

ಅಂಗಡಿಯಲ್ಲಿ ಮೋಸಹೋಗುವುದು ಇಲ್ಲಿಯೇ. ರೂಟರ್ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಎಸಿ 1200" ಎಂದು ಬರೆದಿರುತ್ತದೆ. ಅದು 2.4 ಗಿಗಾಹರ್ಟ್ಸ್ ವೈಫೈನ 300 ಮತ್ತು 5 ಗಿಗಾಹರ್ಟ್ಸ್ ವೈಫೈನ 867 ಕೂಡಿಸಿ ದುಂಡಗೆ ಮಾಡಿದ ಸಂಖ್ಯೆ. ಒಂದು ಫೋನ್ ಒಂದು ಹೊತ್ತಿಗೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನೇ ಬಳಸುತ್ತದೆ. ಅದು ಹೋಗಲಿ, ಇಂಥ ಎಷ್ಟೋ ರೂಟರ್‌ಗಳಲ್ಲಿ ಹಿಂಬದಿಯ ಪೋರ್ಟ್‌ಗಳೆಲ್ಲ 100 ಎಂಬಿಪಿಎಸ್‌ನವು. ಇಂಟರ್ನೆಟ್ ಒಳಗೆ ಬರುವ ಬಾಗಿಲೇ 100ರದ್ದು ಎಂದಮೇಲೆ ಒಳಗಿನ ವೈಫೈ 867 ಇದ್ದರೆ ಏನು ಬಂತು? ಡಬ್ಬಿಯ ಮುಂಭಾಗ ಓದಬೇಡಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪೋರ್ಟ್‌ಗಳ ಬಗ್ಗೆ ಬರೆದಿರುತ್ತದೆ. "10/100" ಎಂದಷ್ಟೇ ಇದ್ದರೆ ಬಿಟ್ಟುಬಿಡಿ. "10/100/1000" ಅಥವಾ ಗಿಗಾಬಿಟ್ ಎಂದು ಇರಬೇಕು.

ಫೈಬರ್ ಬಾಕ್ಸ್‌ನಲ್ಲೂ ಒಂದು ಸೂಕ್ಷ್ಮವಿದೆ. ಕೆಲವು ಬಾಕ್ಸ್‌ಗಳಲ್ಲಿ ನೋಡಲು ಒಂದೇ ಥರ ಇರುವ ನಾಲ್ಕು ಪೋರ್ಟ್‌ಗಳಿರುತ್ತವೆ, ಆದರೆ ಗಿಗಾಬಿಟ್ ಇರುವುದು ಒಂದರಲ್ಲಿ ಮಾತ್ರ. ಉಳಿದ ಮೂರೂ 100. ಗುಡಿಸುವಾಗಲೋ ಮೇಜು ಸರಿಸುವಾಗಲೋ ಕೇಬಲ್ ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿದರೆ ವೇಗ ಅಷ್ಟಕ್ಕೇ ಇಳಿಯುತ್ತದೆ. ಪೋರ್ಟಿನ ಮೇಲೆ ಅಥವಾ ಬಾಕ್ಸ್ ತಳದ ಚೀಟಿಯಲ್ಲಿ "ಜಿಇ" ಎಂದಿದ್ದರೆ ಗಿಗಾಬಿಟ್, "ಎಫ್ಇ" ಎಂದಿದ್ದರೆ 100.

ನಮ್ಮ ಮನೆಯಲ್ಲಿ ಪೋರ್ಟ್‌ಗಳೆಲ್ಲ ಸರಿಯಾಗಿದ್ದವು. ಫೈಬರ್ ಬಾಕ್ಸ್ ಗಿಗಾಬಿಟ್, ರೂಟರ್ ಗಿಗಾಬಿಟ್, ಡೆಸ್ಕ್‌ಟಾಪ್ ಗಿಗಾಬಿಟ್. ತಪ್ಪು ಇದ್ದದ್ದು ಗೋಡೆಯೊಳಗೆ.

ಲ್ಯಾನ್ ಕೇಬಲ್ ಸುಲಿದು ನೋಡಿದರೆ ಎಂಟು ತಂತಿಗಳಿರುತ್ತವೆ. ಕಿತ್ತಳೆ, ಹಸಿರು, ನೀಲಿ, ಕಂದು ಎಂದು ನಾಲ್ಕು ಜೋಡಿ, ಒಂದಕ್ಕೊಂದು ಹುರಿ ಹೊಸೆದ ಹಾಗೆ ಸುತ್ತಿಕೊಂಡಿರುತ್ತವೆ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ಒಂದರಲ್ಲಿ ಹೋಗುವುದು, ಒಂದರಲ್ಲಿ ಬರುವುದು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ತುಂಡಾಗಿದ್ದರೂ, ತುದಿಯ ಕನೆಕ್ಟರಿನಲ್ಲಿ ಒಂದು ತಂತಿ ಸರಿಯಾಗಿ ಕೂರದಿದ್ದರೂ ಗಿಗಾಬಿಟ್ ಏಳುವುದಿಲ್ಲ. ಆಗ, 100ಕ್ಕೆ ಬೇಕಾದ ಎರಡು ಜೋಡಿ ಸರಿಯಿದ್ದರೆ, ಎರಡು ತುದಿಯ ಯಂತ್ರಗಳು ತಮ್ಮೊಳಗೇ ಒಪ್ಪಂದ ಮಾಡಿಕೊಂಡು 100ಕ್ಕೆ ಇಳಿಯುತ್ತವೆ. ನೆಟ್ ನಡೆಯುತ್ತಲೇ ಇರುತ್ತದೆ, ಯಾವ ದೂರೂ ಪರದೆ ಮೇಲೆ ಬರುವುದಿಲ್ಲ. ಹಾಗಾಗಿಯೇ ವರ್ಷಗಟ್ಟಲೆ ಯಾರ ಗಮನಕ್ಕೂ ಬರದೆ ಉಳಿಯುವ ದೋಷ ಇದು.

ಮನೆ ಕಟ್ಟುವಾಗ ವೈರಿಂಗ್ ಮಾಡಿದವರು ಒಂದೇ ಕೇಬಲನ್ನು ಎರಡು ಕೆಲಸಕ್ಕೆ ಹಂಚಿದ್ದರು. ಕಿತ್ತಳೆ, ಹಸಿರು ಜೋಡಿ ಇಂಟರ್ನೆಟ್‌ಗೆ. ನೀಲಿ, ಕಂದು ಜೋಡಿ ಲ್ಯಾಂಡ್‌ಲೈನ್ ಫೋನಿಗೆ. ಆ ಕಾಲಕ್ಕೆ ಅದು ಜಾಣತನದ ಕೆಲಸವೇ. 10 ಎಂಬಿಪಿಎಸ್ ಸಿಕ್ಕರೆ ಹಬ್ಬ ಅನ್ನುವ ದಿನಗಳು ಅವು. ಫೋನ್ ತೆಗೆಸಿ ಎಷ್ಟೋ ವರ್ಷವಾಗಿತ್ತು, ಆದರೆ ಆ ಎರಡು ಜೋಡಿ ಮಾತ್ರ ಸ್ವಿಚ್ ಬೋರ್ಡಿನ ಹಿಂದೆ ಹಾಗೇ ಮಡಚಿಕೊಂಡಿದ್ದವು. ಎರಡೂ ತುದಿ ಕತ್ತರಿಸಿ ಎಂಟೂ ತಂತಿ ಸೇರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿದೆ. ಹತ್ತು ನಿಮಿಷದ ಕೆಲಸ. 94 ಇದ್ದದ್ದು 300 ಆಯಿತು. ಸಿಸಿಟಿವಿ ಕ್ಯಾಮೆರಾಗಳಿಗೂ ಹೀಗೆ ಜೋಡಿ ಹಂಚುವುದುಂಟು. ನಿಮ್ಮ ಮನೆಯಲ್ಲೂ ಹಾಗೆ ಇದೆಯೇ ಎಂದು ಒಮ್ಮೆ ನೋಡಿ.

ಕೇಬಲ್ ವಿಷಯದಲ್ಲಿ ಇನ್ನೊಂದು ಮಾತು. ಕೆಲವು ಅಗ್ಗದ ಕೇಬಲ್‌ಗಳಲ್ಲಿ ತಂತಿ ಪೂರ್ತಿ ತಾಮ್ರದ್ದಲ್ಲ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬಗ್ಗಿಸಿದರೆ ಬೇಗ ಮುರಿಯುತ್ತದೆ, ದೂರಕ್ಕೆ ಸಂಕೇತ ಸೊರಗುತ್ತದೆ. ಗೋಡೆಯೊಳಗೆ ಹಾಕುವುದಾದರೆ ಶುದ್ಧ ತಾಮ್ರದ್ದೇ ಕೇಳಿ, ಒಮ್ಮೆ ಹೂತ ಮೇಲೆ ಬದಲಾಯಿಸುವುದು ಕಷ್ಟ. ಆದರೆ ದುಬಾರಿಯದೇ ಬೇಕು ಅಂತಿಲ್ಲ. ಕ್ಯಾಟ್ 5ಇ ಎಂಬ ದರ್ಜೆಯ ಕೇಬಲ್ 100 ಮೀಟರ್ ತನಕ ಗಿಗಾಬಿಟ್ ಒಯ್ಯುತ್ತದೆ. 2016ರಲ್ಲಿ ಬಂದ 2.5 ಗಿಗಾಬಿಟ್ ಮಾನಕವನ್ನು ಇದೇ ಕೇಬಲ್ ಮೇಲೆ ಓಡಲೆಂದೇ ರೂಪಿಸಿದ್ದಾರೆ. ಹೊಸದಾಗಿ ಹಾಕಿಸುವವರು ಕ್ಯಾಟ್ 6 ಹಾಕಿಸಲಿ. ಮನೆಗೆ ಕ್ಯಾಟ್ 8 ಎಂದು ಮಾರುವವರ ಮಾತಿಗೆ ಒಪ್ಪಬೇಡಿ.

ನಿಮ್ಮ ಕಂಪ್ಯೂಟರ್ ಈಗ ಎಷ್ಟಕ್ಕೆ ಒಪ್ಪಂದ ಮಾಡಿಕೊಂಡಿದೆ ಎಂದು ನೋಡುವುದು ಸುಲಭ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ವಿಭಾಗದಲ್ಲಿ ಈಥರ್ನೆಟ್ ತೆರೆದರೆ "ಲಿಂಕ್ ಸ್ಪೀಡ್" ಎಂಬ ಸಾಲು ಇರುತ್ತದೆ. 1000 ಇದ್ದರೆ ಸರಿ. 100 ಇದ್ದರೆ ಕೇಬಲ್ ಅಥವಾ ಪೋರ್ಟ್‌ನಲ್ಲೇ ತಡೆ ಇದೆ.

ಗಾಳಿಯಲ್ಲಿ ಆಗುವ ನಷ್ಟ

ತಂತಿಯ ಲೆಕ್ಕ ನೇರ. ವೈಫೈ ಹಾಗಲ್ಲ.

ಮೊದಲ ವ್ಯತ್ಯಾಸ, ಕೇಬಲ್‌ನಲ್ಲಿ ಹೋಗುವುದೂ ಬರುವುದೂ ಒಟ್ಟಿಗೆ ನಡೆಯುತ್ತದೆ. ವೈಫೈಯಲ್ಲಿ ಒಂದು ಚಾನೆಲ್ ಮೇಲೆ ಒಬ್ಬರು ಮಾತಾಡುವಾಗ ಉಳಿದವರೆಲ್ಲ ಸುಮ್ಮನಿರಬೇಕು. ಫೋನ್ ಮಾತಾಡಿ ನಿಲ್ಲಿಸಿ, ರೂಟರ್ ಉತ್ತರ ಕೊಟ್ಟು, ಆಮೇಲೆ ಟಿವಿಯ ಸರದಿ. ಕಾಯುವುದಕ್ಕೆ, "ತಲುಪಿತು" ಎಂದು ಹೇಳುವುದಕ್ಕೆ ಹೋಗುವ ಸಮಯವೇ ಬಹಳ. ಹಾಗಾಗಿ ಫೋನಿನಲ್ಲಿ ಕಾಣುವ ವೈಫೈ ಲಿಂಕ್ ವೇಗದ ಅರ್ಧ, ಅಥವಾ ಸ್ವಲ್ಪ ಜಾಸ್ತಿ ನಿಜವಾಗಿ ಸಿಕ್ಕರೆ ಅದು ಆರೋಗ್ಯವಾಗಿದೆ ಎಂದೇ ಲೆಕ್ಕ.

ಇನ್ನೊಂದು, ಕೊನೆಯ ಸಾಧನದ ಆಂಟೆನಾ. ರೂಟರಿಗೆ ನಾಲ್ಕು ಕೊಂಬು ಇರಬಹುದು, ಆದರೆ ನಿಮ್ಮ ಫೋನಿನಲ್ಲಿ ಸಾಮಾನ್ಯವಾಗಿ ಎರಡೇ ಆಂಟೆನಾ. ಅಗ್ಗದ ಫೋನ್, ಹಳೆಯ ಲ್ಯಾಪ್‌ಟಾಪ್ ಆದರೆ ಒಂದೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದೇ ಆಂಟೆನಾ ಇರುವ ವೈಫೈ 4 (ಹಳೆಯ ತಲೆಮಾರಿನ ವೈಫೈ) ಸಾಧನಕ್ಕೆ ಸಾಮಾನ್ಯ ಚಾನೆಲ್ ಮೇಲೆ ಲಿಂಕ್ ವೇಗವೇ 72 ಎಂಬಿಪಿಎಸ್. ಅದರಲ್ಲಿ ಕೈಗೆ ಬರುವುದು 40ರ ಆಸುಪಾಸು. ಅದಕ್ಕೆ ಎಂಥ ರೂಟರ್ ತಂದಿಟ್ಟರೂ ಅಷ್ಟೇ. ಅದೇ ಒಂದು ಆಂಟೆನಾ 5 ಗಿಗಾಹರ್ಟ್ಸ್‌ನಲ್ಲಿ ವೈಫೈ 5 ಮೂಲಕ ಸೇರಿದರೆ 433. ಎರಡಾದರೆ 867. ಆದ್ದರಿಂದ ವೈಫೈಯಲ್ಲಿ 40-50ಕ್ಕೇ ನಿಂತಿದೆ ಎಂದರೆ ನಾನು ಮೊದಲು ನೋಡುವುದು, ಫೋನ್ ಯಾವ ಬ್ಯಾಂಡಿಗೆ ಅಂಟಿಕೊಂಡಿದೆ ಎಂದು. ಹೆಚ್ಚಿನ ಸಲ ಉತ್ತರ 2.4.

ನಿಧಾನದ ಸಾಧನ ಒಂದು ಇದ್ದರೆ ಎಲ್ಲರಿಗೂ ತೊಂದರೆ ಎನ್ನುವುದೂ ಇಲ್ಲಿನ ನಿಯಮ. ಹಳೆಯ ಫೋನ್ ಒಂದು ಎಂಬಿ ಇಳಿಸಲು ಹೊಸ ಫೋನಿನ ಹತ್ತು ಪಟ್ಟು ಸಮಯ ತೆಗೆದುಕೊಂಡರೆ, ಅಷ್ಟು ಹೊತ್ತು ಆ ಚಾನೆಲ್ ಬೇರೆ ಯಾರಿಗೂ ಸಿಗುವುದಿಲ್ಲ. ಗಾಳಿ ಒಂದೇ ಅಲ್ವಾ! ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ವೈಫೈ ಕೂಡ ಇದೇ ಸರದಿಯಲ್ಲಿ ಸೇರುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ. ಇಪ್ಪತ್ತು ಮನೆಗಳು ಮೂರು ಚಾನೆಲ್ ಹಂಚಿಕೊಳ್ಳಬೇಕು. ಮೈಕ್ರೋವೇವ್ ಓವನ್ ಕೂಡ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ. ಅಡುಗೆಮನೆಯಲ್ಲಿ ಅದು ತಿರುಗುವಾಗ ವಿಡಿಯೊ ಕಾಲ್ ತಡವರಿಸಿದರೆ ಕಾರಣ ಅದೇ ಇರಬಹುದು.

5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಕಾಂಕ್ರೀಟ್ ಗೋಡೆ, ಹಳೆ ಮನೆಯ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರು ತುಂಬಿದ ಅಕ್ವೇರಿಯಂ, ಇವೆಲ್ಲ ಅದನ್ನು ನುಂಗುತ್ತವೆ ಅಥವಾ ತಿರುಗಿಸುತ್ತವೆ. ಎಷ್ಟೋ ಮನೆಗಳಲ್ಲಿ ರೂಟರನ್ನು ಕಣ್ಣಿಗೆ ಕಾಣಬಾರದೆಂದು ಟಿವಿ ಹಿಂದೆ ಅಥವಾ ಬೀರುವಿನ ಒಳಗೆ ಇಟ್ಟಿರುತ್ತಾರೆ. ಅದನ್ನು ಮನೆಯ ನಡುಭಾಗಕ್ಕೆ, ತಲೆಯೆತ್ತರಕ್ಕೆ, ಬಯಲಿಗೆ ತಂದಿಟ್ಟರೆ ಹೊಸ ರೂಟರ್ ಕೊಂಡಷ್ಟು ಲಾಭ ಆಗುವುದುಂಟು. ಅದಕ್ಕೆ ಖರ್ಚೂ ಇಲ್ಲ.

ಮಹಡಿಗೆ ಸಿಗ್ನಲ್ ಇಲ್ಲ ಎಂದು ರಿಪೀಟರ್ ಹಾಕುವವರು ಒಂದು ತಿಳಿದಿರಬೇಕು. ಕಡಿಮೆ ಬೆಲೆಯ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ರೇಡಿಯೊದಲ್ಲಿ. ಪ್ರತಿ ಪೊಟ್ಟಣವೂ ಎರಡು ಸಲ ಗಾಳಿಯಲ್ಲಿ ಹೋಗುತ್ತದೆ. ಹಾಗಾಗಿ ವೇಗ ಸುಮಾರು ಅರ್ಧ. ಸಿಗ್ನಲ್ ಗೆರೆಗಳು ತುಂಬಿರುತ್ತವೆ, ನೆಟ್ ಮಾತ್ರ ತೆವಳುತ್ತದೆ. ಸಾಧ್ಯವಿದ್ದರೆ ಮಹಡಿಗೆ ಒಂದು ಕೇಬಲ್ ಎಳೆಸಿ, ಅಲ್ಲಿ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲ್‌ನಲ್ಲಿ ಬಂದದ್ದನ್ನು ವೈಫೈಯಾಗಿ ಹಂಚಲಷ್ಟೇ ಇಡಿ. ನನ್ನ ಅನುಭವದಲ್ಲಿ ಇದಕ್ಕೆ ಸಮನಾದ ಪರಿಹಾರ ಇನ್ನೊಂದಿಲ್ಲ.

ರೂಟರಿನ ತಲೆಯೊಳಗೆ

ರೂಟರ್ ಕೂಡ ಒಂದು ಚಿಕ್ಕ ಕಂಪ್ಯೂಟರ್. ಮನೆಯ ಹತ್ತು ಸಾಧನಗಳಿಗೆ ಹೊರಗೆ ಕಾಣುವ ವಿಳಾಸ ಒಂದೇ. ಹಾಗಾಗಿ ಒಳಗೆ ಬರುವ, ಹೊರಗೆ ಹೋಗುವ ಪ್ರತಿ ಪೊಟ್ಟಣದ ವಿಳಾಸವನ್ನೂ ರೂಟರ್ ತಿದ್ದಿ ಬರೆಯಬೇಕು. ಗಿಗಾಬಿಟ್ ಲೈನ್ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 81,000 ದೊಡ್ಡ ಪೊಟ್ಟಣಗಳು ಬರುತ್ತವೆ. ಅಗ್ಗದ ಪ್ರೊಸೆಸರ್ ಇಷ್ಟನ್ನು ಒಂದೊಂದಾಗಿ ಓದಿ ತಿದ್ದಲಾರದು. ಅದಕ್ಕೇ ಈ ಕೆಲಸ ಮಾಡಲೆಂದು ಚಿಪ್‌ನಲ್ಲಿ ಬೇರೆಯೇ ಅಡ್ಡದಾರಿ ಇಟ್ಟಿರುತ್ತಾರೆ. ಪೊಟ್ಟಣಗಳು ಪ್ರೊಸೆಸರ್ ಮುಟ್ಟದೆ ಹಾಗೇ ದಾಟುತ್ತವೆ.

ಇಲ್ಲೊಂದು ತೊಡಕು. ಮಕ್ಕಳ ಬಳಕೆ ನಿಯಂತ್ರಣ, ಯಾರು ಎಷ್ಟು ಡೇಟಾ ಬಳಸಿದರು ಎಂಬ ಲೆಕ್ಕ, ಒಂದು ಸಾಧನಕ್ಕೆ ಮೊದಲ ಪ್ರಾಶಸ್ತ್ಯ ಕೊಡುವ ಕ್ಯೂಒಎಸ್, ಇಂಥವನ್ನು ಆನ್ ಮಾಡಿದರೆ ಹಲವು ರೂಟರ್‌ಗಳಲ್ಲಿ ಆ ಅಡ್ಡದಾರಿ ಮುಚ್ಚಿಹೋಗುತ್ತದೆ. ಎಲ್ಲ ಪೊಟ್ಟಣಗಳನ್ನೂ ಪ್ರೊಸೆಸರ್ ನೋಡಬೇಕಾಗುತ್ತದೆ, ವೇಗ ಬಿದ್ದುಹೋಗುತ್ತದೆ. ರೂಟರಿನಲ್ಲೇ ವಿಪಿಎನ್ (ಮಾಹಿತಿಯನ್ನು ಬಚ್ಚಿಟ್ಟು ಒಯ್ಯುವ ಖಾಸಗಿ ದಾರಿ) ಓಡಿಸಿದರೆ ಇನ್ನೂ ಭಾರ, ಪ್ರತಿ ಬೈಟನ್ನೂ ಗುಪ್ತಲಿಪಿಗೆ ಇಳಿಸಬೇಕಲ್ಲ. ಇವುಗಳನ್ನು ಒಂದೊಂದಾಗಿ ಆಫ್ ಮಾಡಿ ಅಳೆದು ನೋಡಿದರೆ ಗೊತ್ತಾಗುತ್ತದೆ.

ಕೊನೆಯ ಮೆಟ್ಟಿಲು

ರೂಟರ್, ಕೇಬಲ್ ಎಲ್ಲ ಸರಿಯಿದ್ದೂ ಕೆಲವರಿಗೆ 300ರ ಹತ್ತಿರ ಗೋಡೆ ಬಂದಂತೆ ನಿಲ್ಲುತ್ತದೆ. ಆಗ ಯುಎಸ್‌ಬಿ 2.0 ಮೇಲೆ ಅನುಮಾನ ಪಡಿ. ಅದರ ಕಾಗದದ ಮೇಲಿನ ವೇಗ 480 ಎಂಬಿಪಿಎಸ್, ಕೆಲಸದಲ್ಲಿ ಸಿಗುವುದು 300ರ ಸುತ್ತಮುತ್ತ. ಗಿಗಾಬಿಟ್ ಲ್ಯಾನ್ ಅಡಾಪ್ಟರನ್ನು ಲ್ಯಾಪ್‌ಟಾಪಿನ ಹಳೆಯ ಯುಎಸ್‌ಬಿ ತೂತಿಗೆ ಸಿಕ್ಕಿಸಿದರೆ ಲಿಂಕ್ ಸ್ಪೀಡ್ 1000 ಎಂದೇ ತೋರಿಸುತ್ತದೆ, ಆದರೆ ದಾಟುವುದು ಅಷ್ಟೇ. 2018ರ ರಾಸ್‌ಬೆರಿ ಪೈ 3ಬಿ ಪ್ಲಸ್ ಎಂಬ ಪುಟ್ಟ ಕಂಪ್ಯೂಟರಿನಲ್ಲೂ ಇದೇ ಕಥೆ. ಗಿಗಾಬಿಟ್ ಪೋರ್ಟ್ ಇತ್ತು, ಒಳಗೆ ಅದು ಯುಎಸ್‌ಬಿ 2.0 ಮೂಲಕ ಜೋಡಣೆಯಾಗಿತ್ತು, ಹೆಚ್ಚೆಂದರೆ 300 ಎಂದು ತಯಾರಕರೇ ಹೇಳಿದ್ದರು. 2019ರ ಪೈ 4 ಬಂದಾಗ ಈ ಕಟ್ಟು ಹೋಯಿತು. ಯುಎಸ್‌ಬಿ 3.0 ತೂತಿಗೆ ಬದಲಿಸಿದರೆ ಲ್ಯಾಪ್‌ಟಾಪಿನ ತೊಂದರೆ ತೀರುತ್ತದೆ. ಆದರೆ ಅದಕ್ಕೂ ಒಂದು ಗುಣವಿದೆ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಸದ್ದು ಚೆಲ್ಲುತ್ತದೆ. 2012ರಲ್ಲೇ ಇಂಟೆಲ್ ಇದನ್ನು ಬರೆದು ತೋರಿಸಿತ್ತು. ಹಾರ್ಡ್ ಡಿಸ್ಕ್ ಪಕ್ಕದಲ್ಲೇ ವೈಫೈ ಡಾಂಗಲ್ ಸಿಕ್ಕಿಸಿದ್ದರೆ ದೂರ ಮಾಡಿ.

ಮನೆಯೊಳಗೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳಿಸುವಾಗ ಡಿಸ್ಕ್ ಕೂಡ ತಡೆಯಾಗಬಹುದು. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 112 ಮೆಗಾಬೈಟ್ ಹೋಗುತ್ತದೆ. ಹಳೆಯ ಲ್ಯಾಪ್‌ಟಾಪಿನ ತಿರುಗುವ ಹಾರ್ಡ್ ಡಿಸ್ಕ್ 80-100ಕ್ಕೇ ಏದುಸಿರು ಬಿಡುತ್ತದೆ. ಅದೂ ಒಂದೇ ದೊಡ್ಡ ಫೈಲ್ ಆದರೆ. ಮದುವೆಯ ಐದು ಸಾವಿರ ಫೋಟೊ ಕಳಿಸಿದರೆ ಡಿಸ್ಕಿನ ಮುಳ್ಳು ಅಲ್ಲಿಂದ ಇಲ್ಲಿಗೆ ಓಡಾಡುವುದರಲ್ಲೇ ಸಮಯ ಹೋಗುತ್ತದೆ.

ದೋಷ ನೆಟ್‌ವರ್ಕಿನದೋ ಡಿಸ್ಕಿನದೋ ಎಂದು ಬೇರ್ಪಡಿಸಲು "ಐಪರ್ಫ್ 3" ಎಂಬ ಉಚಿತ ಸಲಕರಣೆ ಇದೆ. ಎರಡು ಕಂಪ್ಯೂಟರಿನಲ್ಲಿ ಹಾಕಿ ಓಡಿಸಿದರೆ ಅದು ಡಿಸ್ಕ್ ಮುಟ್ಟದೆ, ಇಂಟರ್ನೆಟ್ಟಿಗೂ ಹೋಗದೆ ಮನೆಯೊಳಗಿನ ದಾರಿಯನ್ನಷ್ಟೇ ಅಳೆಯುತ್ತದೆ. ಅಲ್ಲಿ 940 ಬಂದು ಫೈಲ್ ಕಳಿಸುವಾಗ ನಿಧಾನವಾದರೆ ತಪ್ಪು ಡಿಸ್ಕಿನದು.

ಹುಡುಕುವ ಕ್ರಮ ಮಾತ್ರ ಯಾವಾಗಲೂ ಒಂದೇ ಇರಲಿ, ಕೆರೆಯಿಂದ ಗದ್ದೆಯ ಕಡೆಗೆ. ಮೊದಲು ಒಳ್ಳೆಯ ಚಿಕ್ಕ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ನೇರ ಫೈಬರ್ ಬಾಕ್ಸ್‌ಗೆ ಸಿಕ್ಕಿಸಿ ಅಳೆಯಿರಿ. ಕೆಲವು ಕಡೆ ಇದಕ್ಕೆ ಲಾಗಿನ್ ಬೇಕಾಗುತ್ತದೆ, ಕಂಪನಿಯವರನ್ನು ಕೇಳಿ. ಆಮೇಲೆ ರೂಟರಿಗೆ, ಆಮೇಲೆ ಗೋಡೆಯ ಪಾಯಿಂಟಿಗೆ, ಕೊನೆಗೆ ವೈಫೈ. ಅಂಕಿ ಎಲ್ಲಿ ಬೀಳುತ್ತದೋ ಆ ಎರಡು ಜಾಗದ ನಡುವೆಯೇ ಇಕ್ಕಟ್ಟು ಇದೆ. ಮೊದಲ ಹೆಜ್ಜೆಯಲ್ಲೇ ಕಡಿಮೆ ಬಂದರೆ, ಅದೂ ಸಂಜೆ ಹೊತ್ತು ಮಾತ್ರ ಕಡಿಮೆ ಬಂದರೆ, ನಿಮ್ಮ ಮನೆಯ ಯಾವ ವಸ್ತುವಿನದೂ ತಪ್ಪಲ್ಲ. ಮನೆಗಳಿಗೆ ಬರುವ ಫೈಬರ್ ಹೆಚ್ಚಿನ ಕಡೆ ಜಿಪಾನ್ ತಂತ್ರಜ್ಞಾನದ್ದು. ಅದರಲ್ಲಿ ಒಂದು ಎಳೆಯ 2.488 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದು ಸಾಮಾನ್ಯ. ಆಗ ಕಂಪನಿಗೇ ಹೇಳಬೇಕು.

ನಮ್ಮ ಮನೆಯಲ್ಲಿ ಈಗ ಡೆಸ್ಕ್‌ಟಾಪ್, ಮಹಡಿಯ ರೂಟರ್ ಎರಡಕ್ಕೂ ಪೂರ್ತಿ 300 ಬರುತ್ತದೆ. ಹಾಲ್‌ನಲ್ಲಿರುವ ಟಿವಿಯ ಲ್ಯಾನ್ ಪೋರ್ಟ್ ಮಾತ್ರ 100ರದ್ದೇ. 4ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಹಾಗಾಗಿ ಅದನ್ನು ಮುಟ್ಟಲು ಹೋಗಿಲ್ಲ.